‘ಯೂಸ್ಡ್ ಟು’ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು

ನಮ್ಮ ಮನೆಯ ಎರಡು ಕೋಣೆಗಳನ್ನು ಹೋಂಸ್ಟೇ ಮಾಡಿದ ಹೊಸತು. ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ನಮ್ಮ ತೋಟ. ಪುಣೆಯಿಂದ ಬರುವವರಿದ್ದ ಒಂದು ಕುಟುಂಬ ಹಿಂದಿನ ದಿನ ವಾಟ್ಸ್ಆ್ಯಪ್‌ನಲ್ಲಿ ಬೆಳಗಿನ ತಿಂಡಿ ಬಗ್ಗೆ ಕೇಳಿತು. ನಾನು ಗತ್ತಿನಿಂದ ಬರೆದೆ: ‘ವಿ ಯೂಸ್ಡ್ ಟು ಸರ್ವ್ ಬ್ರೇಕ್‌ಫಾಸ್ಟ್ ಅಟ್ 8.30.’

ಮರುದಿನ ಅಮ್ಮ ಆರಕ್ಕೇ ಎದ್ದು ನೂಲ್‌ಪುಟ್ಟು (ಅಕ್ಕಿ ಶಾವಿಗೆ), ಕೋಳಿ ಸಾರು ಮಾಡಿಟ್ಟರು. ಎಂಟೂವರೆಗೆ ಕರೆಯಲು ಹೋದರೆ ಅತಿಥಿಗಳು ವರಾಂಡದಲ್ಲಿ ಕೂತು ಬ್ರೆಡ್ಡಿಗೆ ಜಾಮ್ ಸವರುತ್ತಿದ್ದರು. ಬರುವಾಗ ಪೇಟೆಯಿಂದ ಕಟ್ಟಿಸಿಕೊಂಡು ಬಂದಿದ್ದರಂತೆ. ಯಾಕೆ ಅಂತ ಕೇಳಿದೆ. ಮೊದಲೆಲ್ಲ ತಿಂಡಿ ಕೊಡ್ತಿದ್ರಿ, ಈಗ ನಿಲ್ಲಿಸಿದ್ದೀರಿ ಅಂತ ನೀವೇ ಬರೆದಿದ್ದಿರಲ್ಲ ಅಂದರು.

ನಾನು ಹೇಳಹೊರಟದ್ದು ‘ದಿನಾ 8.30ಕ್ಕೆ ಕೊಡುತ್ತೇವೆ’ ಅಂತ. ಅವರಿಗೆ ತಲುಪಿದ್ದು ‘ಕೊಡುತ್ತಿದ್ದೆವು, ಆ ಕಾಲ ಮುಗಿಯಿತು’ ಅಂತ. ನೂಲ್‌ಪುಟ್ಟು ತಣ್ಣಗಾಯಿತು. ಆಮೇಲೆ ಬ್ರೆಡ್ ಬದಿಗಿಟ್ಟು ಅದನ್ನೂ ತಿಂದರು, ಆ ಮಾತು ಬೇರೆ. ಅವತ್ತಿಂದ ಈ ‘ಯೂಸ್ಡ್ ಟು’ ಅನ್ನೋ ಎರಡು ಪದದ ಬೆನ್ನು ಹತ್ತಿದ್ದೇನೆ. ಈಗ ಭಾನುವಾರ ಸಂಜೆ ಅಕ್ಕಪಕ್ಕದ ಹುಡುಗರು ನಾಲ್ಕೈದು ಜನ ಬರುತ್ತಾರೆ. ಒಬ್ಬ ಜೀಪ್ ಓಡಿಸುತ್ತಾನೆ, ಇಬ್ಬರು ಚಾರಣಕ್ಕೆ ದಾರಿ ತೋರಿಸುತ್ತಾರೆ. ಅವರಿಗೆ ಹೇಳಿಕೊಟ್ಟ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

1. ಮೊದಲು ಕನ್ನಡದ ವಾಕ್ಯವನ್ನು ತೂಗಿ ನೋಡಿ

ತೊಂದರೆ ಶುರುವಾಗುವುದು ಕನ್ನಡದಲ್ಲೇ. ‘ಹೋಗುತ್ತಿದ್ದೆ’ ಅನ್ನೋ ಒಂದೇ ಮಾತಿಗೆ ನಾವು ಎರಡು ಕೆಲಸ ಕೊಟ್ಟಿದ್ದೇವೆ.

‘ನೀವು ಫೋನ್ ಮಾಡಿದಾಗ ಕಣದಲ್ಲಿ ಕಾಫಿ ಹರಡುತ್ತಿದ್ದೆ.’ ಇದು ಆ ಒಂದು ಹೊತ್ತಿನಲ್ಲಿ ನಡೆಯುತ್ತಿದ್ದ ಕೆಲಸ.

‘ಚಿಕ್ಕವನಿದ್ದಾಗ ಶಾಲೆಗೆ ನಡೆದೇ ಹೋಗುತ್ತಿದ್ದೆ.’ ಇದು ವರ್ಷಗಟ್ಟಲೆ ನಡೆದ ರೂಢಿ.

ನಮಗೆ ಎರಡೂ ‘-ತ್ತಿದ್ದೆ’. ಇಂಗ್ಲಿಷಿನವರು ಮಾತ್ರ ಇವನ್ನು ಬೇರೆ ಬೇರೆ ಮಾಡಿ ಇಟ್ಟಿದ್ದಾರೆ. ಮೊದಲನೆಯದು ‘ಐ ವಾಸ್ ಸ್ಪ್ರೆಡಿಂಗ್ ಕಾಫಿ’. ಎರಡನೆಯದು ‘ಐ ಯೂಸ್ಡ್ ಟು ವಾಕ್ ಟು ಸ್ಕೂಲ್’. ನಾವು ಎರಡಕ್ಕೂ ‘ವಾಸ್’ ಹಾಕಿ ‘ವೆನ್ ಐ ವಾಸ್ ಯಂಗ್, ಐ ವಾಸ್ ವಾಕಿಂಗ್ ಟು ಸ್ಕೂಲ್’ ಅಂದುಬಿಡುತ್ತೇವೆ. ಕೇಳಿದವರಿಗೆ ನಮ್ಮ ಬಾಲ್ಯ ಪೂರ್ತಿ ರಸ್ತೆಯಲ್ಲೇ ಕಳೆಯಿತೇನೋ ಅನ್ನಿಸುತ್ತದೆ. ಶಾಲೆ ಮುಟ್ಟಿದ ಸುದ್ದಿಯೇ ಇಲ್ಲ.

ಇದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಮೈಸೂರು ಕಡೆಯ ಮಾತಿನಲ್ಲಿ ‘ಅಜ್ಜ ದಿನಾ ತೋಟಕ್ಕೆ ಹೋಗೋರು, ಬಂದು ಬಿಸಿನೀರು ಕೇಳೋರು’ ಅಂತಾರಲ್ಲ, ಆ ‘ಹೋಗೋರು, ಕೇಳೋರು’ ಇದೆಯಲ್ಲ, ಅದೇ ಇಂಗ್ಲಿಷಿನ ‘ಯೂಸ್ಡ್ ಟು’. ನಿಮ್ಮ ವಾಕ್ಯದ ‘ಹೋಗುತ್ತಿದ್ದರು’ ತೆಗೆದು ‘ಹೋಗೋರು’ ಹಾಕಿ. ಒಪ್ಪಿತು ಅಂದರೆ ‘ಯೂಸ್ಡ್ ಟು’ ಸರಿ. ‘ನೀವು ಫೋನ್ ಮಾಡಿದಾಗ ಅಜ್ಜ ಊಟ ಮಾಡೋರು’ ಅಂತ ಯಾರೂ ಹೇಳುವುದಿಲ್ಲ. ಅಲ್ಲಿ ‘ವಾಸ್’ ಬೇಕು.

ಇದೇ ಜಾತಿಯ ಇನ್ನೊಂದು ತಪ್ಪು: ‘ವಿ ವರ್ ಹ್ಯಾವಿಂಗ್ ಎ ಜೀಪ್.’ ನಮ್ಮ ಹತ್ತಿರ ಒಂದು ಜೀಪ್ ಇತ್ತು ಅನ್ನುವುದಕ್ಕೆ ಕೊಡಗಿನ ಅರ್ಧ ಜನ ಹೀಗೇ ಹೇಳುತ್ತೇವೆ. ‘ವಿ ಯೂಸ್ಡ್ ಟು ಹ್ಯಾವ್ ಎ ಜೀಪ್’ ಅನ್ನಿ. ಸುಮ್ನೆ ‘ವಿ ಹ್ಯಾಡ್ ಎ ಜೀಪ್’ ಅಂದರೂ ತಪ್ಪಿಲ್ಲ.

2. ಕೊನೆಗೆ ‘ಈಗಿಲ್ಲ’ ಸೇರಿಸಿ ಓದಿ

ನನ್ನ ತಿಂಡಿ ಕೆಟ್ಟದ್ದು ಇಲ್ಲಿ. ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನೇ ಇಟ್ಟುಕೊಳ್ಳಿ.

‘ಯೂಸ್ಡ್ ಟು’ ಒಳಗೆ ಒಂದು ‘ಈಗಿಲ್ಲ’ ಅಡಗಿ ಕೂತಿರುತ್ತದೆ. ನೀವು ಬಾಯಿಬಿಟ್ಟು ಹೇಳದಿದ್ದರೂ ಕೇಳುವವರಿಗೆ ಅದು ಕೇಳಿಸುತ್ತದೆ. ಹಾಗಾಗಿ ವಾಕ್ಯ ಬರೆದ ಮೇಲೆ ಕನ್ನಡದಲ್ಲಿ ಶುರುವಿಗೆ ‘ಆಗೆಲ್ಲ’, ಕೊನೆಗೆ ‘ಈಗಿಲ್ಲ’ ಸೇರಿಸಿ ಓದಿ. ‘ಆಗೆಲ್ಲ 8.30ಕ್ಕೆ ತಿಂಡಿ ಕೊಡುತ್ತಿದ್ದೆವು, ಈಗಿಲ್ಲ.’ ಛೆ, ನಾನು ಹೇಳಬೇಕಾದ್ದು ಇದಲ್ಲವಲ್ಲ! ಹಾಗಾದರೆ ‘ವಿ ಸರ್ವ್ ಬ್ರೇಕ್‌ಫಾಸ್ಟ್ ಅಟ್ 8.30’ ಸಾಕು. ‘ಸಾಮಾನ್ಯವಾಗಿ’ ಅನ್ನುವುದನ್ನೂ ಸೇರಿಸಬೇಕಾದರೆ ‘ವಿ ಯೂಶುಅಲಿ ಸರ್ವ್’.

ಈಗಿನ ರೂಢಿಗೆ ‘ಯೂಸ್ಡ್ ಟು’ ಹಾಕುವುದು ನಮ್ಮಲ್ಲಿ ತುಂಬಾ ಜಾಸ್ತಿ. ಭಾರತದ ಇಂಗ್ಲಿಷಿನ ಗುರುತುಗಳಲ್ಲಿ ಇದೂ ಒಂದು ಅಂತ ಭಾಷೆ ಓದಿದವರು ಹೇಳುತ್ತಾರೆ. ‘ಯೂಶುಅಲಿ’ ಮತ್ತು ‘ಯೂಸ್ಡ್ ಟು’ ಎರಡೂ ‘ಯೂ’ದಿಂದ ಶುರುವಾಗುವುದೂ ಒಂದು ಕಾರಣ ಅಂತ ನನ್ನ ಅನುಮಾನ. ತಮಾಷೆ ಏನೆಂದರೆ, ನಾಲ್ಕು ನೂರು ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈಗಿನ ರೂಢಿಗೂ ‘ಐ ಯೂಸ್ ಟು’ ಅನ್ನುತ್ತಿದ್ದರು. ಆಮೇಲೆ ಅವರೇ ಅದನ್ನು ಬಿಟ್ಟುಬಿಟ್ಟರು. ಹಳೆಯ ಅರ್ಥದಲ್ಲಿ ನಾವು ಬಳಸುತ್ತಿದ್ದೇವೆ ಅಂತ ವಾದ ಮಾಡಬಹುದು. ಆದರೆ ಅತಿಥಿಗಳು ಬ್ರೆಡ್ ತಂದುಬಿಡುತ್ತಾರೆ.

ನಮ್ಮ ಭಾನುವಾರದ ಹುಡುಗರಲ್ಲಿ ಒಬ್ಬ ರೆಸಾರ್ಟ್ ಕೆಲಸಕ್ಕೆ ಸಂದರ್ಶನಕ್ಕೆ ಹೊರಟಿದ್ದ. ನನ್ನೆದುರು ಪಾಠ ಒಪ್ಪಿಸಿದ: ‘ಐ ಯೂಸ್ಡ್ ಟು ಸ್ಪೀಕ್ ಕನ್ನಡ, ಕೊಡವ ತಕ್ಕ್, ಮಲಯಾಳಂ ಆ್ಯಂಡ್ ಹಿಂದಿ.’ ನಾಲ್ಕು ಭಾಷೆ ಬರುವ ಹುಡುಗ ಒಂದೇ ವಾಕ್ಯದಲ್ಲಿ ನಾಲ್ಕನ್ನೂ ಮರೆತುಬಿಟ್ಟಿದ್ದ. ‘ಯೂಸ್ಡ್ ಟು’ ತೆಗೆದು ‘ಐ ಸ್ಪೀಕ್’ ಅಂತ ಮಾಡಿಸಿದೆ.

ಇನ್ನು ಸರಿಯಾಗಿ ಬಳಸಿದರೆ ಈ ಮಾತು ಎಷ್ಟು ಕೆಲಸ ಮಾಡುತ್ತದೆ ನೋಡಿ. ಕೊಡಗಿನ ಕಿತ್ತಳೆ ಹೆಸರುವಾಸಿ ಹಣ್ಣು. ಕಾಫಿ ಗಿಡಗಳ ನಡುವೆಯೇ ಬೆಳೆಯುತ್ತಿದ್ದದ್ದು. ಹುಳಿ ಸಿಹಿ ಎರಡೂ ಇರುವ ರುಚಿ. ರೋಗ ಬಿದ್ದು ಮರಗಳು ಒಣಗಿದವು, ತೋಟಗಳಲ್ಲಿ ಕಿತ್ತಳೆ ಕಡಿಮೆಯಾಯಿತು. ನಮ್ಮ ತೋಟದಲ್ಲಿ ಈಗ ಒಂದೂ ಉಳಿದಿಲ್ಲ. ಅತಿಥಿಗಳನ್ನು ತೋಟ ಸುತ್ತಿಸುವಾಗ ಅಪ್ಪ ಒಂದು ಜಾಗದಲ್ಲಿ ನಿಂತು ‘ದೇರ್ ಯೂಸ್ಡ್ ಟು ಬಿ ಆರೆಂಜ್ ಟ್ರೀಸ್ ಹಿಯರ್’ ಅನ್ನುತ್ತಾರೆ. ಅಷ್ಟೇ. ಮುಂದಿನ ಕ್ಷಣ ಯಾರಾದರೂ ಕೇಳಿಯೇ ಕೇಳುತ್ತಾರೆ: ಏನಾಯ್ತು? ‘ದೇರ್ ವರ್ ಆರೆಂಜ್ ಟ್ರೀಸ್’ ಅಂದಿದ್ದರೂ ವ್ಯಾಕರಣ ಸರಿಯೇ. ಆದರೆ ಆ ಪ್ರಶ್ನೆ ಅಷ್ಟು ಬೇಗ ಬರುತ್ತಿರಲಿಲ್ಲ. ಮರ ಹೋದ ಸುದ್ದಿ ‘ಯೂಸ್ಡ್ ಟು’ ಒಳಗೇ ಇದೆ.

ಊರಿನ ಹೆಸರುಗಳಿಗೂ ಇದು ಚೆನ್ನಾಗಿ ಕೂರುತ್ತದೆ. ‘ಮಡಿಕೇರಿ ಯೂಸ್ಡ್ ಟು ಬಿ ಕಾಲ್ಡ್ ಮರ್ಕೆರಾ.’ ‘ಕುಶಾಲನಗರ ಯೂಸ್ಡ್ ಟು ಬಿ ಕಾಲ್ಡ್ ಫ್ರೇಜರ್‌ಪೇಟ್.’ ಎರಡೂ ‘ಈಗಿಲ್ಲ’ ಪರೀಕ್ಷೆಯಲ್ಲಿ ಪಾಸು. ‘ಕೊಡಗು ಯೂಸ್ಡ್ ಟು ಬಿ ಕಾಲ್ಡ್ ಕೂರ್ಗ್’ ಅನ್ನಲು ಮಾತ್ರ ನನಗೆ ಧೈರ್ಯ ಬರುವುದಿಲ್ಲ. ಕಾಗದಪತ್ರದಲ್ಲಿ ಕೊಡಗು ಆಗಿರಬಹುದು. ನಮ್ಮ ಹೋಂಸ್ಟೇ ಬೋರ್ಡಿನಲ್ಲೇ ಇನ್ನೂ ಕೂರ್ಗ್ ಇದೆ.

ಆ ‘ಈಗಿಲ್ಲ’ವನ್ನು ಬೇಕೆಂದರೆ ಅಳಿಸಲೂಬಹುದು. ‘ಐ ಯೂಸ್ಡ್ ಟು ಪ್ಲೇ ಹಾಕಿ, ಆ್ಯಂಡ್ ಐ ಸ್ಟಿಲ್ ಡೂ.’ ಆಗ ಆಡುತ್ತಿದ್ದೆ, ಈಗಲೂ ಆಡುತ್ತೇನೆ. ಆದರೆ ಅಳಿಸುವುದಕ್ಕೆ ಹೀಗೆ ಬಾಯಿಬಿಟ್ಟು ಹೇಳಲೇಬೇಕು.

3. ‘ಡಿ’ ಇರಬೇಕೋ ಬೇಡವೋ

ಬರೆಯುವಾಗ ಎಲ್ಲರೂ ಎಡವುವ ಜಾಗ. ಇಂಗ್ಲಿಷ್ ಮಾತೃಭಾಷೆಯವರೂ ಎಡವುತ್ತಾರೆ, ನಾಚಿಕೆ ಬೇಡ. ಕಾರಣ ಕಿವಿ. ಈ ಮಾತನ್ನು ಆಡುವಾಗ ‘ಯೂಸ್ಡ್’ನ ಕೊನೆಯ ‘ಡಿ’ ಮತ್ತು ‘ಟು’ವಿನ ‘ಟಿ’ ಒಂದಕ್ಕೊಂದು ಅಂಟಿ ‘ಯೂಸ್ಟು’ ಅಂತ ಕೇಳುತ್ತದೆ. ಕಿವಿಗೆ ಬೀಳದ ಅಕ್ಷರವನ್ನು ಕೈ ಬರೆಯುವುದಿಲ್ಲ.

ನಿಯಮ ಇಷ್ಟೇ: ‘ಡಿಡ್’ ಬಂದರೆ ‘ಡಿ’ ಹೋಗುತ್ತದೆ.

ಸಾದಾ ವಾಕ್ಯದಲ್ಲಿ ‘ಡಿ’ ಇರಲೇಬೇಕು. ‘ವಿ ಯೂಸ್ಡ್ ಟು ಗ್ರೋ ಪ್ಯಾಡಿ.’ ಪ್ರಶ್ನೆ ಮಾಡಿದಾಗ ‘ಡಿಡ್ ಯು ಯೂಸ್ ಟು ಗ್ರೋ ಪ್ಯಾಡಿ?’ ಇಲ್ಲಿ ‘ಡಿ’ ಇಲ್ಲ. ಇಲ್ಲ ಅನ್ನುವಾಗ ‘ವಿ ಡಿಡ್ಂಟ್ ಯೂಸ್ ಟು ಗ್ರೋ ಜಿಂಜರ್.’ ಇಲ್ಲೂ ಇಲ್ಲ. ‘ಡಿಡ್ ಯು ವೆಂಟ್’ ಅನ್ನದೆ ‘ಡಿಡ್ ಯು ಗೋ’ ಅನ್ನುತ್ತೇವಲ್ಲ, ಅದೇ ಲೆಕ್ಕ. ಹೋದ ಕಾಲದ ಭಾರವನ್ನು ‘ಡಿಡ್’ ಹೊತ್ತುಕೊಂಡ ಮೇಲೆ ಇನ್ನೊಬ್ಬರು ಹೊರುವುದು ಯಾಕೆ?

‘ನೆವರ್’ ಬಂದರೆ ‘ಡಿಡ್’ ಇರುವುದಿಲ್ಲ, ಹಾಗಾಗಿ ‘ಡಿ’ ವಾಪಸ್ ಬರುತ್ತದೆ: ‘ವಿ ನೆವರ್ ಯೂಸ್ಡ್ ಟು ಲಾಕ್ ದ ಡೋರ್.’ ಮಾತಿನಲ್ಲಿ ‘ಡಿಡ್ಂಟ್ ಯೂಸ್ ಟು’ಗಿಂತ ಇದೇ ಸಲೀಸು ಅಂತ ನನಗೆ ಅನ್ನಿಸುತ್ತದೆ. ‘ಡಿಡ್’ ಜೊತೆಗೂ ‘ಡಿ’ ಹಾಕಿ ಅಚ್ಚು ಮಾಡಿದ್ದು ಅಲ್ಲಲ್ಲಿ ಕಾಣಸಿಗುತ್ತದೆ. ಪರೀಕ್ಷೆ ಬರೆಯುವ ಮಕ್ಕಳು ಆ ದಾರಿಗೆ ಹೋಗಬೇಡಿ.

‘ಇಲ್ಲ’ ವಾಕ್ಯದಲ್ಲಿ ಒಂದು ಗುಂಡಿ ಇದೆ. ಇಲ್ಲಿ ‘ಈಗಿಲ್ಲ’ ತಿರುಗಿ ‘ಈಗಿದೆ’ ಆಗುತ್ತದೆ. ‘ದೇರ್ ಡಿಡ್ಂಟ್ ಯೂಸ್ ಟು ಬಿ ಸೋ ಮೆನಿ ಹೋಂಸ್ಟೇಸ್’ ಅಂದರೆ ಮೊದಲು ಇಷ್ಟು ಹೋಂಸ್ಟೇ ಇರಲಿಲ್ಲ, ಈಗ ಇವೆ. ಸರಿ. ಆದರೆ ನಮ್ಮ ಜೀಪಿನ ಹುಡುಗ ಒಮ್ಮೆ ಅತಿಥಿಗಳಿಗೆ ‘ದೇರ್ ಡಿಡ್ಂಟ್ ಯೂಸ್ ಟು ಬಿ ಎ ರೈಲ್ವೇ ಸ್ಟೇಷನ್ ಇನ್ ಕೂರ್ಗ್’ ಅಂದ. ಅವರು ತಕ್ಷಣ ಮೊಬೈಲ್ ತೆಗೆದು ವಾಪಸ್ ಹೋಗಲು ರೈಲು ಹುಡುಕತೊಡಗಿದರು! ಕೊಡಗಿಗೆ ರೈಲು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅಂಥ ಕಡೆ ‘ದೇರ್ ಹ್ಯಾಸ್ ನೆವರ್ ಬೀನ್’ ಅನ್ನಬೇಕು.

4. ಲೆಕ್ಕ ಬಂದರೆ ಬಿಟ್ಟುಬಿಡಿ

ಎಷ್ಟು ವರ್ಷ, ಎಷ್ಟು ಸಲ, ಯಾವ ಇಸವಿಯಿಂದ ಯಾವ ಇಸವಿ ಅಂತ ಗೆರೆ ಎಳೆದು ಹೇಳುವಾಗ ‘ಯೂಸ್ಡ್ ಟು’ ಬೇಡ. ‘ಐ ಯೂಸ್ಡ್ ಟು ಲಿವ್ ಇನ್ ಮೈಸೂರು ಫಾರ್ ಫೈವ್ ಇಯರ್ಸ್’ ತಪ್ಪು. ‘ಐ ಲಿವ್ಡ್’ ಅಂದರೆ ಆಯಿತು. ವರ್ಷ ಹೇಳದಿದ್ದರೆ ‘ಐ ಯೂಸ್ಡ್ ಟು ಲಿವ್ ಇನ್ ಮೈಸೂರು’ ಸರಿ.

ಇದಕ್ಕೆ ನಮ್ಮ ಜಿಲ್ಲೆಯಷ್ಟು ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ‘ಕೂರ್ಗ್ ಯೂಸ್ಡ್ ಟು ಬಿ ಎ ಸೆಪರೇಟ್ ಸ್ಟೇಟ್’ ಅಂದರೆ ಹೊರಗಿನವರು ಹುಬ್ಬೇರಿಸುತ್ತಾರೆ. ನಿಜವೇ. 1950ರಲ್ಲಿ ಕೊಡಗು ‘ಸಿ’ ವರ್ಗದ (ಕೇಂದ್ರದ ಹಿಡಿತದಲ್ಲಿದ್ದ) ರಾಜ್ಯವಾಯಿತು. 1952ರಲ್ಲಿ ಚುನಾವಣೆ ನಡೆಯಿತು, 24 ಜನರ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯದೊಳಗೆ ಸೇರಿತು. ಈ ಇಸವಿಗಳನ್ನೂ ವಾಕ್ಯಕ್ಕೆ ಸೇರಿಸುವುದಾದರೆ ‘ಯೂಸ್ಡ್ ಟು ಬಿ’ ತೆಗೆದು ‘ವಾಸ್’ ಹಾಕಿ: ‘ಕೂರ್ಗ್ ವಾಸ್ ಎ ಸೆಪರೇಟ್ ಸ್ಟೇಟ್ ಫ್ರಮ್ 1950 ಟು 1956.’

ಸಲಗಳ ಲೆಕ್ಕವೂ ಹಾಗೇ. ತಲಕಾವೇರಿಗೆ ಒಟ್ಟು ಮೂರು ಸಲ ಹೋಗಿದ್ದರೆ ‘ವೆಂಟ್ ತ್ರೀ ಟೈಮ್ಸ್’. ವರ್ಷಕ್ಕೆ ಮೂರು ಸಲದಂತೆ ಹೋಗುವ ರೂಢಿ ಇದ್ದರೆ ‘ಯೂಸ್ಡ್ ಟು ಗೋ ತ್ರೀ ಟೈಮ್ಸ್ ಎ ಇಯರ್’. ಮುಗಿದ ಲೆಕ್ಕಕ್ಕೆ ಬೇಡ, ಪದ್ಧತಿಯ ಲೆಕ್ಕಕ್ಕೆ ಅಡ್ಡಿಯಿಲ್ಲ.

5. ಮಳೆಗೆ ಒಗ್ಗಿದ್ದು ಬೇರೆ

ಈಗ ಬರುವುದು ಅದೇ ಮುಖದ ಬೇರೆ ಮನುಷ್ಯ. ‘ಐ ಆಮ್ ಯೂಸ್ಡ್ ಟು ದ ರೇನ್.’ ಇದಕ್ಕೂ ಹೋದ ಕಾಲಕ್ಕೂ ಸಂಬಂಧ ಇಲ್ಲ. ಮಳೆ ನನಗೆ ಅಭ್ಯಾಸವಾಗಿದೆ, ಮೈಗೆ ಒಗ್ಗಿದೆ ಅಂತ ಅರ್ಥ. ‘ಯೂಸ್ಡ್’ಗಿಂತ ಮೊದಲು ‘ಆಮ್’, ‘ಈಸ್’, ‘ಆರ್’, ‘ವಾಸ್’ ಯಾವುದಾದರೂ ಇದ್ದೇ ಇರುತ್ತದೆ. ಒಗ್ಗುತ್ತಾ ಇದೆ ಅನ್ನುವುದಕ್ಕೆ ‘ಗೆಟಿಂಗ್ ಯೂಸ್ಡ್ ಟು’.

ಜುಲೈ ತಿಂಗಳಲ್ಲಿ ಬರುವವರು ಮೊದಲು ಹೆದರುವುದು ಜಿಗಣೆಗೆ. ಕಾಲಿಗೆ ಉಪ್ಪು, ಹೊಗೆಸೊಪ್ಪು, ಸುಣ್ಣ ಏನೇನೋ ಸವರಿಕೊಂಡು ಗದ್ದೆ ಬದುವಿನ ಮೇಲೆ ಕುಣಿಯುತ್ತಿರುತ್ತಾರೆ. ಆಗ ನಮ್ಮ ಹುಡುಗರು ಎದೆ ಉಬ್ಬಿಸಿ ‘ಐ ಯೂಸ್ಡ್ ಟು ಲೀಚಸ್’ ಅನ್ನುತ್ತಾರೆ. ‘ಆಮ್’ ಬಿಟ್ಟುಹೋಯಿತು, ವಾಕ್ಯ ಕುಂಟಿತು. ‘ಐ ಆಮ್ ಯೂಸ್ಡ್ ಟು ಲೀಚಸ್’ ಆಗಬೇಕು.

ಅದಕ್ಕಿಂತ ದೊಡ್ಡ ಗೊಂದಲ ‘ಟು’ ಆದಮೇಲೆ ಕ್ರಿಯಾಪದ ಬಂದಾಗ. ‘ಐ ಆಮ್ ಯೂಸ್ಡ್ ಟು ವಾಕ್’ ಅನ್ನಬೇಕೋ ‘ವಾಕಿಂಗ್’ ಅನ್ನಬೇಕೋ? ಕನ್ನಡವೇ ಇಲ್ಲಿ ಕೈ ಹಿಡಿಯುತ್ತದೆ. ‘ಮಳೆಗೆ ಒಗ್ಗಿದ್ದೇನೆ’, ‘ಚಳಿಗೆ ಒಗ್ಗಿದ್ದೇನೆ’, ‘ನಡೆಯುವುದಕ್ಕೆ ಒಗ್ಗಿದ್ದೇನೆ’. ಆ ‘ಗೆ’, ‘ಕ್ಕೆ’ ಇದೆಯಲ್ಲ, ಅದೇ ಈ ‘ಟು’. ‘ಗೆ’ ಅಂಟಬೇಕಾದರೆ ಅಂಟಲು ಹೆಸರಿನಂಥದ್ದೊಂದು ಬೇಕು. ‘ನಡೆ’ಗೆ ಅಂಟಿಸಲು ಆಗದೆ ನಾವು ‘ನಡೆಯುವುದು’ ಅಂತ ಮಾಡಿಕೊಳ್ಳುತ್ತೇವೆ. ಇಂಗ್ಲಿಷಿನವರು ಅದೇ ಕಾರಣಕ್ಕೆ ‘ವಾಕಿಂಗ್’ ಮಾಡಿಕೊಳ್ಳುತ್ತಾರೆ. ‘ಐ ಆಮ್ ಯೂಸ್ಡ್ ಟು ವಾಕಿಂಗ್ ಇನ್ ದ ರೇನ್.’

ಹೋದ ಕಾಲದ ‘ಐ ಯೂಸ್ಡ್ ಟು ವಾಕ್’ನಲ್ಲಿ ಕನ್ನಡದ ‘ಗೆ’ ಎಲ್ಲೂ ಬರುವುದಿಲ್ಲ. ‘ನಡೆಯುತ್ತಿದ್ದೆ’, ಅಷ್ಟೇ. ಹಾಗಾಗಿ ಅಲ್ಲಿ ‘ವಾಕಿಂಗ್’ ಬೇಡ.

ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿ ನೋಡಿ, ವ್ಯತ್ಯಾಸ ನಾಲಿಗೆಗೇ ಗೊತ್ತಾಗುತ್ತದೆ. ‘ಐ ಯೂಸ್ಡ್ ಟು ಗೆಟ್ ಅಪ್ ಅಟ್ ಫೈವ್’: ಐದಕ್ಕೆ ಏಳುತ್ತಿದ್ದೆ, ಈಗಿಲ್ಲ. ‘ಐ ಆಮ್ ಯೂಸ್ಡ್ ಟು ಗೆಟಿಂಗ್ ಅಪ್ ಅಟ್ ಫೈವ್’: ಐದಕ್ಕೆ ಏಳುವುದು ನನಗೆ ರೂಢಿ, ಕಷ್ಟವಿಲ್ಲ. ಸಂದರ್ಶನದಲ್ಲಿ ಎರಡನೆಯದನ್ನು ಹೇಳಿ.

6. ಗೋಡೆಯ ಮೇಲಿನ ಕತ್ತಿ

ಮೂರನೆಯ ಒಂದು ಬಳಕೆ ಇದೆ, ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಜಗುಲಿಯ ಗೋಡೆಯ ಮೇಲೆ ಅಗಲ ಬಾಯಿಯ ಒಂದು ಒಡಿಕತ್ತಿ ತೂಗಿದೆ. ಅತಿಥಿಗಳು ಕೇಳದೆ ಬಿಡುವುದಿಲ್ಲ. ಕೊಡವರ ಮದುವೆಯಲ್ಲಿ ಬಾಳೆಕಂಬ ಕಡಿಯುವುದು ಇಂಥದ್ದರಲ್ಲೇ. ‘ಇಟ್ ಈಸ್ ಯೂಸ್ಡ್ ಟು ಕಟ್ ಬನಾನಾ ಸ್ಟೆಮ್ಸ್’ ಅನ್ನಬಹುದು. ಇಲ್ಲಿ ‘ಯೂಸ್ಡ್’ ಅಂದರೆ ಬಳಸುತ್ತಾರೆ ಅಂತಲೇ ಅರ್ಥ. ಉಚ್ಚಾರಣೆಯೂ ಬೇರೆ: ‘ಝಡ್’ ಅಕ್ಷರದ ದನಿ, ‘ಯೂಝ್ಡ್’. ಹೋದ ಕಾಲದ್ದರಲ್ಲೂ ಒಗ್ಗಿದ್ದರಲ್ಲೂ ಮೆತ್ತನೆಯ ‘ಸ’, ‘ಯೂಸ್ಟ್’. ವಸ್ತುವಿನ ಬಗ್ಗೆ, ಯಾತಕ್ಕೆ ಅಂತ ಹೇಳುವಾಗ ಇದು. ‘ಈಸ್’ ಬಿಟ್ಟು ‘ಇಟ್ ಯೂಸ್ಡ್ ಟು ಕಟ್’ ಅಂದರೆ ಮೊದಲು ಕಡಿಯುತ್ತಿತ್ತು, ಈಗ ಮೊಂಡಾಗಿದೆ ಅಂತಾಗುತ್ತದೆ. ಕತ್ತಿಗೆ ಅವಮಾನ.

7. ಉದ್ದ ಕಥೆ ಹೇಳುವಾಗ

ಅಜ್ಜಿಯ ಕಾಲದ ಮಳೆಗಾಲ ವರ್ಣಿಸಲು ಕೂತರೆ ಪ್ರತಿ ವಾಕ್ಯಕ್ಕೂ ‘ಯೂಸ್ಡ್ ಟು’ ಹಾಕುವುದು ಬೇಜಾರು. ಮೊದಲ ವಾಕ್ಯಕ್ಕೆ ಹಾಕಿ ಕಾಲವನ್ನು ಹಿಂದಕ್ಕೆ ಒಯ್ದ ಮೇಲೆ ಉಳಿದವಕ್ಕೆ ‘ವುಡ್’ ಸಾಕು. ‘ಮೈ ಗ್ರ್ಯಾಂಡ್‌ಮದರ್ ಯೂಸ್ಡ್ ಟು ಡ್ರೈ ಫೈರ್‌ವುಡ್ ಅಬವ್ ದ ಸ್ಟೋವ್. ಶಿ ವುಡ್ ರೋಸ್ಟ್ ಜ್ಯಾಕ್‌ಫ್ರೂಟ್ ಸೀಡ್ಸ್ ಅಂಡರ್ ಇಟ್.’ ಒಲೆಯ ಮೇಲೆ ಸೌದೆ ಒಣಗಿಸೋಳು, ಕೆಳಗೆ ಕೆಂಡದಲ್ಲಿ ಹಲಸಿನ ಬೀಜ ಸುಡೋಳು.

‘ವುಡ್’ ಕೆಲಸಗಳಿಗೆ ಮಾತ್ರ. ಇರುವಿಕೆಗೆ ಆಗದು. ‘ಶಿ ವುಡ್ ಹ್ಯಾವ್ ಎ ಬಿಗ್ ಹೌಸ್’ ಅಂದರೆ ದೊಡ್ಡ ಮನೆ ಇತ್ತು ಅನ್ನುವ ಅರ್ಥ ಬರುವುದಿಲ್ಲ. ಮನೆ, ಮರ, ಹೆಸರು, ಇಷ್ಟಾನಿಷ್ಟ ಇವಕ್ಕೆಲ್ಲ ‘ವುಡ್’ ಬೇಡ, ‘ಯೂಸ್ಡ್ ಟು’ ಹಾಕಿ.

8. ಕೈಗೆ ಹತ್ತಿಸಿಕೊಳ್ಳಲು

ನಿಮ್ಮ ಮನೆಯ ಬಗ್ಗೆಯೇ ಐದು ಕನ್ನಡ ವಾಕ್ಯ ಬರೆಯಿರಿ. ಪುಸ್ತಕದ ವಾಕ್ಯ ಬೇಡ, ಅದು ನೆನಪಿನಲ್ಲಿ ನಿಲ್ಲುವುದಿಲ್ಲ. ಪ್ರತಿಯೊಂದನ್ನೂ ಮೇಲಿನ ಪರೀಕ್ಷೆಗಳಿಗೆ ಒಡ್ಡಿ, ಆಮೇಲೆ ಇಂಗ್ಲಿಷಿಗೆ ಇಳಿಸಿ. ಹೋದ ಭಾನುವಾರ ನಾವು ಮಾಡಿದ್ದು ಇವು:

‘ಮೊದಲು ನಾವು ಗದ್ದೆ ಮಾಡುತ್ತಿದ್ದೆವು.’ ಈಗಿಲ್ಲ. ‘ಯೂಸ್ಡ್ ಟು’ ಸರಿ.

‘ನಿನ್ನೆ ಆನೆ ಬಂದಾಗ ನಾವು ಮಲಗಿದ್ದೆವು.’ ಒಂದು ರಾತ್ರಿಯ ಸಂಗತಿ. ‘ವಿ ವರ್ ಸ್ಲೀಪಿಂಗ್.’

‘ಅಪ್ಪ ಹತ್ತು ವರ್ಷ ಸೈನ್ಯದಲ್ಲಿದ್ದರು.’ ವರ್ಷದ ಲೆಕ್ಕ ಬಂತು. ‘ವಾಸ್ ಇನ್ ದ ಆರ್ಮಿ ಫಾರ್ ಟೆನ್ ಇಯರ್ಸ್.’

‘ಕರೆಂಟ್ ಹೋಗುವುದು ನಮಗೆ ಅಭ್ಯಾಸ.’ ಒಗ್ಗಿದ್ದು. ‘ವಿ ಆರ್ ಯೂಸ್ಡ್ ಟು ಪವರ್ ಕಟ್ಸ್.’

ಐದನೆಯದನ್ನು ಜೀಪಿನ ಹುಡುಗ ಬರೆದ: ‘ಮಳೆಗಾಲದಲ್ಲಿ ನಮ್ಮ ರಸ್ತೆಗೆ ಮಣ್ಣು ಕುಸಿಯುತ್ತಿತ್ತು.’ ‘ಯೂಸ್ಡ್ ಟು’ ಹಾಕಲು ಪೆನ್ ಎತ್ತಿದ. ಮನಸ್ಸಿನಲ್ಲೇ ‘ಈಗಿಲ್ಲ’ ಸೇರಿಸಿ ಓದಿಕೊಂಡ. ಆಮೇಲೆ ಕನ್ನಡದ ವಾಕ್ಯವನ್ನೇ ಹೊಡೆದು ‘ಕುಸಿಯುತ್ತದೆ’ ಅಂತ ತಿದ್ದಿದ.